ಟವಲ್ಲು ಗಾಳಿಯಲ್ಲಿದ್ದ ಗಳಿಗೆ

"ಏನ್ರೀ ಇದು? ನನ್ ತಂಗಿ ಕತ್ತಿಗೆ ತಾಳಿ ಕಟ್ತಾ ಅವ್ರೆ, ಪಕ್ಕದ ಪುಟದಲ್ಲೇ ನಮ್ ದೊಡ್ಡಪ್ಪ ಮೂಳೆ ಚೀಪ್ತಾ ಕೂತವ್ರೆ!"

ಆಲ್ಬಮ್ಮಿನ ಮಾದರಿ ಹಾಳೆಗಳು ಟೇಬಲ್ಲಿನ ಮೇಲೆ ದೊಪ್ಪನೆ ಬಿದ್ದವು. ಮದ್ದೂರು ಬಸ್ ಸ್ಟ್ಯಾಂಡಿನ ಎದುರಿನ ತನ್ನ ಪುಟ್ಟ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಾ ಕೂತಿದ್ದ ಸಿದ್ದರಾಜು ತಲೆ ಎತ್ತಿದ. ಎತ್ತಿದ್ದೇ ತಡ, ಕತ್ತರಿ ದಾರಿ ತಪ್ಪಿ ಯಾರದೋ ಎಡಗಿವಿ ತುಂಡಾಯಿತು.

ಎದುರಿಗೆ ಹೊಳಲಿನ ಪುಟ್ಟಮಾದಯ್ಯನವರ ದೊಡ್ಡ ಮಗಳು ರೂಪ ನಿಂತಿದ್ದಳು. ಇಲ್ಲೇ ಮದ್ದೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಕೈಯಲ್ಲಿ ಊಟದ ಡಬ್ಬಿಯ ಬ್ಯಾಗು, ಕೆನ್ನೆಗೆ ಮೆತ್ತಿದ ಸೀಮೆಸುಣ್ಣ, ಕಣ್ಣಲ್ಲಿ ಕೆಂಡ. ಆ ಕೆಂಡವೂ ಸೇರಿ ಅವಳು ಅವನಿಗೆ ಚೆಂದ ಕಂಡಳು. ಅವನ ಕಷ್ಟವೇ ಅದು.

ಹಾಳೆ ತಿರುವಿ ನೋಡಿದ. ಮಂಡ್ಯ ಸೀಮೆಯಲ್ಲಿ ಧಾರೆಯ ದಿನ ಪಾಯಸ, ಮಾರನೇ ದಿನ ಬೀಗರೂಟಕ್ಕೆ ಮರಿ ಕಡಿಯುವುದು ಹೊಸದೇನಲ್ಲ. ಎರಡನ್ನೂ ಒಂದೇ ಎಲೆಗೆ ಬಡಿಸಿದವರು ಮಾತ್ರ ಇದುವರೆಗೆ ಯಾರೂ ಇರಲಿಲ್ಲ.

"ತಂಗಿ ಅಮೃತ ಆಷಾಢಕ್ಕೆ ಅಂತ ತವರಿಗೆ ಬಂದವ್ಳೆ. ಶುಕ್ರವಾರ ಮಳವಳ್ಳಿಗೆ ವಾಪಸ್ಸು. ಆಲ್ಬಮ್ ಇಲ್ದೆ ಹೋದ್ರೆ ಅವಳ ಅತ್ತೆ ಆಡ್ಕೋತಾರೆ. ಇದನ್ನ ತಗೊಂಡೋದ್ರೆ ಊರೇ ಆಡ್ಕೊಳ್ಳುತ್ತೆ."

ಅಂದು ಸೋಮವಾರ. ಸಿದ್ದರಾಜು ತಲೆ ಕೆರೆದುಕೊಂಡ.

"ಫೋಟೋ ಎಲ್ಲಾನೂ ಒಟ್ಟಿಗೆ ಬೆಳ್ಳಗೆ ಮಾಡಿ ಸೇವ್ ಮಾಡ್ದೆ ಕಣ್ರೀ. ಹೆಸರೂ ಬದಲಾಯ್ಸಿದೆ. ಆಮೇಲೆ ತಾರೀಕಿನ ಪ್ರಕಾರ ಜೋಡ್ಸು ಅಂದೆ. ಅದು ಜೋಡಿಸ್ತು."

"ನೀವು ಸೇವ್ ಮಾಡಿದ ತಾರೀಕಿನ ಪ್ರಕಾರ ಜೋಡಿಸಿದೆ. ಫೋಟೋ ತೆಗೆದ ತಾರೀಕಿನ ಪ್ರಕಾರ ಅಲ್ಲ." ರೂಪ ನಿಟ್ಟುಸಿರು ಬಿಟ್ಟು, ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು. "ಸರ್ಕೊಳ್ಳಿ. ಎಷ್ಟಿದೆ ಫೋಟೋ?"

"ಎರಡು ಸಾವ್ರದ ಮೇಲಿದೆ. ಕೈಲಿ ಜೋಡಿಸೋಕೆ ಆಗಲ್ಲ."

"ಕೈ ಯಾಕೆ, ಪೈಥಾನ್ ಅಂತ ಕಂಪ್ಯೂಟರ್ ಭಾಷೆ ಇದೆ, ಅದ್ರಲ್ಲಿ ಒಂದು ಪ್ರೋಗ್ರಾಮು ಬರೀತೀನಿ. ಕೇಳಿ ಇಲ್ಲಿ. ಫೈಲಿನ ಒಳಗಿರೋದು ಒಂದು, ಫೈಲಿನ ಬಗ್ಗೆ ಬರೆದಿರೋದು ಇನ್ನೊಂದು. ಬೆಲ್ಲದ ಡಬ್ಬಿ ಮೇಲೆ ಚೀಟಿ ಅಂಟಿಸ್ದಂಗೆ. ಹೆಸರೇನು, ಗಾತ್ರ ಎಷ್ಟು, ಕೊನೇಲಿ ಯಾವಾಗ ಮುಟ್ಟಿದ್ದು, ತಿದ್ದಬಹುದಾ ಬಾರದಾ, ಕಣ್ಣಿಗೆ ಕಾಣಬೇಕಾ ಬೇಡ್ವಾ. ಆ ಚೀಟೀನ ಪ್ರೋಗ್ರಾಮು ಓದುತ್ತೆ. ಬೇಕಂದ್ರೆ ಬದಲಾಯ್ಸುತ್ತೆ."

"ಮನುಷ್ಯರಿಗೂ ಅಂಥ ಚೀಟಿ ಇದ್ದಿದ್ರೆ ಚೆನ್ನಾಗಿರೋದು."

"ನಿಮ್ಮ ಚೀಟೀಲಿ ಏನಿರೋದು?"

"ಹೆಸರು ಸಿದ್ದರಾಜು, ಊರು ಶಿವಪುರ. ಗಾತ್ರ ನೀವೇ ನೋಡ್ತಿದ್ದೀರಿ."

"ತಿದ್ದಬಹುದಾ?"

"ಪ್ರಯತ್ನ ಪಡಬಹುದು."

ಅವಳ ತುಟಿಯ ಅಂಚು ಇಷ್ಟೇ ಇಷ್ಟು ಅಲುಗಿತು. ನಗು ಅನ್ನಲು ಸಾಲದು, ಕೋಪ ಅನ್ನಲೂ ಬಾರದು.

ಆದರೆ ಸಿದ್ದರಾಜುವಿನ ಮನಸ್ಸು ಆಗಲೇ ಒಂದು ಮಾತಿಗೆ ಸಿಕ್ಕಿಕೊಂಡಿತ್ತು. ಕಣ್ಣಿಗೆ ಕಾಣಬೇಕಾ ಬೇಡ್ವಾ ಎಂದಳಲ್ಲ, ಆ ಮಾತಿಗೆ. ಮದುವೆ ಫೋಟೋಗಳ ಫೋಲ್ಡರಿನಲ್ಲಿ ಅವನೇ ಮರೆಮಾಡಿಟ್ಟ ಒಂದೇ ಒಂದು ಫೋಟೋ ಇತ್ತು. ಅದರಲ್ಲಿ ಇದ್ದವಳು ಈಗ ಅವನ ಕೀಬೋರ್ಡು ಕುಟ್ಟುತ್ತಾ ಕೂತಿದ್ದಳು.

ಮಂಗಳವಾರ ನಾಲ್ಕೂವರೆಗೆ ಕಾಲೇಜು ಬಿಟ್ಟವಳು ನೇರ ಬಂದಳು. ಸಿದ್ದರಾಜು ವಡೆ ತರಿಸಿಟ್ಟಿದ್ದ.

"ಎಣ್ಣೆ ಕೈಲಿ ಮೌಸ್ ಮುಟ್ಟಬ್ಯಾಡಿ," ಅಂತ ಗದರಿದವಳೇ ಎರಡು ವಡೆ ತಿಂದು, ಬೆರಳನ್ನು ಕರ್ಚೀಫಿಗೆ ಒರೆಸಿಕೊಂಡು ಕೆಲಸಕ್ಕೆ ಕೂತಳು. ಕ್ಯಾಮೆರಾ ತಾನು ಫೋಟೋ ತೆಗೆದ ವೇಳೆಯನ್ನು ಫೋಟೋದ ಒಳಗೂ ಬರೆದಿಡುತ್ತದಂತೆ. ಅವಳ ಪ್ರೋಗ್ರಾಮು ಒಂದೊಂದೇ ಫೈಲು ತೆರೆದು, ಒಳಗಿನ ವೇಳೆ ಓದಿ, ಅದನ್ನೇ ಹೊರಗಿನ ಚೀಟಿಗೂ ಹಾಕುತ್ತಾ ಹೋಯಿತು. ಸಾಲು ಸಾಲಾಗಿ ಹೆಸರುಗಳು ಪರದೆಯ ಮೇಲೆ ಹರಿದವು. ಆ ಬೆಳಕು ಅವಳ ಮೂಗುತಿಯಲ್ಲಿ ಮಿನುಗುತ್ತಿತ್ತು. ಸಿದ್ದರಾಜು ಪರದೆ ನೋಡುವುದು ಬಿಟ್ಟು ಅದನ್ನೇ ನೋಡಿದ.

"ಇಲ್ಲಿ ನೋಡ್ರೀ," ಅಂದಳು ಅವಳು, ತಿರುಗದೇ.

ಮೂಳೆ ಧಾರೆಯ ಪಕ್ಕದಿಂದ ಎದ್ದು ಹೋಗಿತ್ತು. ಇನ್ನೇನು ಗೆದ್ದೆವು ಅನ್ನುವಷ್ಟರಲ್ಲಿ ಹೊಸ ಎಡವಟ್ಟು ಕಂಡಿತು. ಅರ್ಧ ಫೋಟೋಗಳಲ್ಲಿ ಧಾರೆ ಬೆಳಿಗ್ಗೆ, ಇನ್ನರ್ಧದಲ್ಲಿ ಅದೇ ಧಾರೆ ರಾತ್ರಿ!

ಆ ಅರ್ಧ ತೆಗೆದವನು ಸಿದ್ದರಾಜುವಿನ ಭಾವ ಅಂಬರೀಶ್. ಗೆಜ್ಜಲಗೆರೆಯ ಫ್ಯಾಕ್ಟರಿಗೆ ರಜ ಹಾಕಿ ಮದುವೆಗಳಲ್ಲಿ ಎರಡನೇ ಕ್ಯಾಮೆರಾ ಹಿಡಿಯುತ್ತಿದ್ದ. ಫೋನ್ ಮಾಡಿದರೆ, "ಬ್ಯಾಟರಿ ಹಾಕ್ದಾಗ ಸುಮಾರಾಗಿ ಟೈಮ್ ಇಟ್ಟಿದ್ದೆ ಕಣ್ಲಾ. ಗಡಿಯಾರ ಯಾವ್ದಾದ್ರೇನು, ಫೋಟೋ ಬಂದದಾ ಇಲ್ವಾ ಹೇಳು," ಅಂದ.

ರೂಪಳಿಗೆ ನಗು ತಡೆಯಲಾಗಲಿಲ್ಲ. ಹಣೆ ಹಿಡಿದುಕೊಂಡು ನಕ್ಕಳು. "ಸರಿ. ಎರಡೂ ಕ್ಯಾಮೆರಾದಲ್ಲಿ ಒಂದೇ ಗಳಿಗೆ ಸಿಕ್ಕಿರೋ ಫೋಟೋ ಬೇಕು. ಅದೊಂದು ಸಿಕ್ರೆ ನಿಮ್ಮ ಭಾವನ ಗಡಿಯಾರ ಎಷ್ಟು ಸುಳ್ಳು ಹೇಳ್ತಿದೆ ಅಂತ ಗೊತ್ತಾಗುತ್ತೆ. ಮಿಕ್ಕಿದ್ದು ಪ್ರೋಗ್ರಾಮೇ ಮಾಡುತ್ತೆ." ಎದ್ದು ಬ್ಯಾಗು ಹೆಗಲಿಗೇರಿಸಿದವಳು ಪರದೆಯ ಕಡೆ ಬಗ್ಗಿದಳು. "ಇದೇನು? ಫೋಲ್ಡರಲ್ಲಿ ಕಾಣೋದು ಎರಡು ಸಾವಿರದ ನೂರ ನಲವತ್ತು. ಪ್ರೋಗ್ರಾಮು ನೂರ ನಲವತ್ತೊಂದು ಅಂತಿದೆ."

"ಒಂದು ತಾನೇ, ಇರ್ಲಿ ಬುಡಿ."

"ಇರ್ಲಿ ಬುಡಿ ಅಂದಿದ್ದಕ್ಕೇ ಮೂಳೆ ಬಂದಿದ್ದು. ನಾಳೆ ನೋಡಾಣ. ಬಸ್ಸು ಬಂತು, ಬತ್ತೀನಿ."

ಬುಧವಾರ ಬೆಳಿಗ್ಗೆ ಬಾಗಿಲು ತೆಗೆದವನೇ ಸಿದ್ದರಾಜು ಕಂಪ್ಯೂಟರಿನ ಮುಂದೆ ಕೂತ. ಒಂದು ಗುಂಡಿ ಒತ್ತಿದರೆ ಆ ಫೋಟೋ ಇಲ್ಲವಾಗುತ್ತಿತ್ತು. ಅವಳು ಎಂದೂ ನೋಡುತ್ತಿರಲಿಲ್ಲ. ಎಂಥ ಮನುಷ್ಯ ಇವನು ಅಂತ ಮುಖ ತಿರುಗಿಸಿ ಹೋಗುವ ಭಯವೂ ಇರುತ್ತಿರಲಿಲ್ಲ.

ಆದರೆ ಆ ಫೋಟೋದಲ್ಲಿ ಏನಿದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಅಳಿಸಿದರೆ ಅವನ ಗುಟ್ಟು ಉಳಿಯುತ್ತಿತ್ತು, ಅಮೃತಳ ಆಲ್ಬಮ್ಮು ಕೆಡುತ್ತಿತ್ತು. ಬೆರಳು ಗುಂಡಿಯ ಮೇಲೆ ಕೂತೇ ಇತ್ತು. ಕೊನೆಗೆ ಎದ್ದು ಹೋಗಿ ಟೀ ಕುಡಿದು ಬಂದ.

ಸಂಜೆ ರೂಪ ಬಂದು ಗಂಟೆಯಾದರೂ ಸರಿಯಾದ ಜೋಡಿ ಸಿಗಲಿಲ್ಲ.

"ಊಟಕ್ಕೆ ಕೂತಿರೋದು, ಸಾಲಾಗಿ ನಿಂತಿರೋದು ಆಗಲ್ಲ. ಹಾಗೆ ಅರ್ಧ ಗಂಟೆ ಕೂತಿರ್ತಾರೆ. ಹಾ, ಇದು ನೋಡಿ!" ಅಂಬರೀಶ್ ತೆಗೆದ ಫೋಟೋದಲ್ಲಿ ಮದುಮಗ ತಾಳಿ ಕಟ್ಟುತ್ತಿದ್ದ. ದೊಡ್ಡಪ್ಪ ಚೌಡಯ್ಯನವರು ಅಕ್ಷತೆ ಎಸೆದ ರಭಸಕ್ಕೆ ಹೆಗಲ ಟವಲ್ಲೂ ಜೊತೆಗೇ ಹಾರಿತ್ತು. "ಟವಲ್ಲು ಗಾಳೀಲಿ ಎಷ್ಟೊತ್ತು ನಿಂತೀತು? ಇದೇ ನಿಮ್ಮ ಕ್ಯಾಮೆರಾದಲ್ಲೂ ಇರ್ಬೇಕು. ಎಲ್ಲಿ?"

ಸಿದ್ದರಾಜು ಕತ್ತರಿ ಎತ್ತಿಕೊಂಡು ಪಾಸ್‌ಪೋರ್ಟ್ ಫೋಟೋ ಕತ್ತರಿಸತೊಡಗಿದ.

"ತಾಳಿ ಕಟ್ಟೋ ಹೊತ್ತಲ್ಲಿ ನಿಮ್ಮ ಕ್ಯಾಮೆರಾದಲ್ಲಿ ಒಂದೂ ಫೋಟೋ ಇಲ್ವಲ್ರೀ! ಎಲ್ಲಿ ನೋಡ್ತಿದ್ರಿ?"

"ಆ ನೂರ ನಲವತ್ತೊಂದನೇದು ಇದೆಯಲ್ಲ," ಅಂದ ಅವನು, ಕತ್ತರಿ ಕೆಳಗಿಟ್ಟು. "ಅದನ್ನ ತೆಗೀರಿ."

ಅವಳು ತೆರೆದಳು.

ಪರದೆಯ ತುಂಬ ಅವಳೇ ಇದ್ದಳು. ತಂಗಿಯ ಹಿಂದೆ ಕಳಸ ಹಿಡಿದು ನಿಂತಿದ್ದಳು. ಕಣ್ಣು ತುಂಬಿ ಬಂದಿತ್ತು, ಆದರೂ ಬಾಯಿ ತುಂಬ ನಗು. ತಲೆಯ ಮೇಲೆ ದೊಡ್ಡಪ್ಪನ ಟವಲ್ಲು ಬಿಳೀ ಕೊಕ್ಕರೆಯ ಹಾಗೆ ರೆಕ್ಕೆ ಬಿಚ್ಚಿತ್ತು. ಸುತ್ತ ಅಕ್ಷತೆಯ ಕಾಳುಗಳು ಇನ್ನೂ ನೆಲ ಮುಟ್ಟಿರಲಿಲ್ಲ.

ಹೊರಗೆ ಬಸ್ಸಿನವನು ಮಳವಳ್ಳಿ, ಮಳವಳ್ಳಿ ಅಂತ ಕೂಗುತ್ತಿದ್ದ.

"ತಾಳಿಗೆ ಅಂತಲೇ ಕ್ಯಾಮೆರಾ ಎತ್ತಿದ್ದು," ಸಿದ್ದರಾಜು ಟೇಬಲ್ಲಿನ ಗಾಜಿಗೆ ಹೇಳಿದ. "ಕೈ ಈ ಕಡೆ ಬಂದುಬಿಡ್ತು. ಕೇಳ್ದೆ ತೆಗ್ದಿದ್ದು, ಆಲ್ಬಮ್ಮಿಗೆ ಹಾಕೋಕೆ ಮನಸ್ಸಾಗ್ಲಿಲ್ಲ. ಅಳ್ಸೋಕೂ ಆಗ್ಲಿಲ್ಲ. ಯಾರಿಗೂ ತೋರ್ಸಿಲ್ಲ. ನೀವು ಬೇಡ ಅಂದ್ರೆ ಈಗ್ಲೇ ಅಳಿಸ್ತೀನಿ."

ರೂಪ ಪರದೆಗೆ ಬಗ್ಗಿ ನೋಡಿದಳು. ತಂಗಿಯ ಮದುವೆ ಮೊದಲಾಯ್ತಲ್ಲ ಅಂತ ಅವತ್ತು ಎಷ್ಟು ಜನ ಅವಳನ್ನು ಕನಿಕರದಿಂದ ನೋಡಿದ್ದರೋ. ಇಲ್ಲಿ ಆ ಕನಿಕರದ ಸುಳಿವೇ ಇರಲಿಲ್ಲ. ತಾನು ಅಷ್ಟು ಸಂತೋಷವಾಗಿದ್ದದ್ದು ಅವಳಿಗೇ ತಿಳಿದಿರಲಿಲ್ಲ.

ಅವಳು ಒಂದು ಫೋಟೋದ ವೇಳೆಯಿಂದ ಇನ್ನೊಂದರ ವೇಳೆಯನ್ನು ಕಳೆದು ಲೆಕ್ಕ ಹಾಕಿದಳು. "ಹನ್ನೊಂದು ಗಂಟೆ ನಲವತ್ತೆರಡು ನಿಮಿಷ, ಒಂಬತ್ತು ಸೆಕೆಂಡು." ಪ್ರೋಗ್ರಾಮಿಗೆ ಅಷ್ಟನ್ನು ಬರೆದು ಓಡಿಸಿದಳು. ಫೋಲ್ಡರಿನೊಳಗೆ ಆರತಕ್ಷತೆ, ಧಾರೆ, ಬೀಗರೂಟ ತಂತಮ್ಮ ಜಾಗಕ್ಕೆ ಹೋಗಿ ಕೂತವು. ಮೂಳೆ ಕೊನೆಯ ಪುಟಕ್ಕೆ ಹೋಯಿತು.

ಆಮೇಲೆ ಆ ಒಂದು ಫೋಟೋದ ಮೇಲೆ ಮೌಸ್ ಇಟ್ಟಳು. ಮರೆ ಅಂತ ಇದ್ದ ಗುರುತು ತೆಗೆದಳು. ಅದರ ಪಕ್ಕದ ಇನ್ನೊಂದು ಗುರುತು ಹಾಕಿದಳು.

"ಅದೇನು ಮಾಡಿದ್ರಿ?"

"ಓದಬಹುದು, ತಿದ್ದೋ ಹಂಗಿಲ್ಲ." ಅವಳ ಕಿವಿ ಕೆಂಪಾಗಿತ್ತು. "ಅದನ್ನ ಬೆಳ್ಳಗೆ ಮಾಡೋಕೆ ಹೋಗಬ್ಯಾಡಿ. ನಾನು ಇರೋ ಬಣ್ಣದಲ್ಲೇ ಚೆನ್ನಾಗಿದ್ದೀನಿ."

"ಅದು ನಂಗೊತ್ತು."

"ಹಂಗಾದ್ರೆ ಶ್ರಾವಣ ಬರ್ಲಿ. ನಿಮ್ಮವ್ವನ್ನ ಕರ್ಕೊಂಡು ಹೊಳಲಿಗೆ ಬನ್ನಿ."

ಸಿದ್ದರಾಜುವಿಗೆ ಕೂತಿದ್ದ ಕುರ್ಚಿಯೇ ಮರೆತುಹೋಯಿತು. "ನಿಮ್ಮಪ್ಪ ಬೈದ್ರೆ?"

"ಬೈತಾರೆ. ಮೂಳೆ ವಿಷ್ಯ ಎತ್ತಿ ಎತ್ತಿ ಬೈತಾರೆ. ಬೈಸ್ಕೊಳ್ಳಿ."

ಬ್ಯಾಗು ತಗೊಂಡು ಬಾಗಿಲವರೆಗೆ ಹೋದವಳು ನಿಂತಳು. ತಿರುಗಿ ನೋಡಿದಳು. ಆ ಕಣ್ಣಲ್ಲಿ ಸೋಮವಾರದ ಕೆಂಡ ಬೂದಿಯಾಗಿರಲಿಲ್ಲ, ದೀಪವಾಗಿತ್ತು.

"ನಮ್ಮ ಮದುವೇಲಿ ನೀವು ಕ್ಯಾಮೆರಾ ಹಿಡಿಯಂಗಿಲ್ಲ. ಯಾರು ಹಿಡೀತಾರೆ?"

"ಇನ್ಯಾರು, ನಮ್ ಭಾವ."

"ಅಯ್ಯೋ! ಮೊದ್ಲು ಹೋಗಿ ಅವ್ರ ಗಡಿಯಾರ ಸರಿ ಮಾಡ್ರೀ," ಅಂದವಳು ಹೊಳಲಿನ ಬಸ್ಸಿಗೆ ಓಡಿದಳು.