ಜೋಡಿ ಕೋಣೆಗಳ ಅರಮನೆ

“ಈಗ ಬಂದ್ರಾ?”

ಪ್ರಮೀಳಾ ಬಾಗಿಲಲ್ಲೇ ನಿಂತುಬಿಟ್ಟಳು.

ಕೋಣೆಯ ನಡುವೆ ಕರಣೆ ಹಿಡಿದು ನಿಂತಿದ್ದವನು ಗಾರೆ ಕೆಲಸದ ಕೊಟ್ರೇಶ್. ಈ ಜನ್ಮದಲ್ಲಿ ಇವನ ಮುಖ ನೋಡಬಾರದು ಎಂದು ಹೋದ ವರ್ಷ ಅವನ ನಂಬರನ್ನೇ ಬ್ಲಾಕ್ ಮಾಡಿದ್ದಳು.

ಆದರೆ ಈಗ ಅವಳ ಎದೆ ಹೊಡೆದುಕೊಂಡದ್ದು ಅವನನ್ನು ಕಂಡಲ್ಲ, ಕೋಣೆಯನ್ನು ಕಂಡು.

ಅದೇ ಹಸಿರು ಗಾಜಿನ ಕಮಾನು ಕಿಟಕಿ. ಅದೇ ಎರಡು ದುಂಡು ಕಂಬ. ಗೋಡೆಯಲ್ಲಿ ಅದೇ ತೆರೆಯದ ಬಾಗಿಲು. ಅವತ್ತು ಇವನಿಗಾಗಿ ಕಾದು ಕಾದು ಓಡಿಹೋದದ್ದು ಈ ಕೋಣೆಯಿಂದಲೇ... ಆದರೆ ಅವತ್ತು ಹತ್ತಿದ್ದು ಬೇರೆ ಮೆಟ್ಟಿಲು. ಇದು ಹೇಗೆ ಸಾಧ್ಯ?

ನಮ್ಮ ಪ್ರಮೀಳಾ ದಾವಣಗೆರೆಯ ಆರ್ಕಿಟೆಕ್ಟ್. ಬಲು ಜಾಣೆ, ಆದರೆ ಪುಕ್ಕಲಿ. ಸಂತೇಬೆನ್ನೂರು ದಾಟಿದ ಮೇಲೆ ಗುಡ್ಡದ ಮೇಲೆ ಸಿಗುವ ಈ ಬೇಸಿಗೆ ಅರಮನೆಯ ಪಡುವಣ ಭಾಗದಲ್ಲಿ ಸತ್ತ ದೊರೆಸಾನಿ ಓಡಾಡುತ್ತಾಳೆ ಎಂದು ಕಾವಲುಗಾರ ಜುಂಜಪ್ಪ ಹೇಳಿದ್ದೇ ತಡ, ಅತ್ತ ಕಾಲಿಡಲೇ ಇಲ್ಲ. ಮೂಡಣ ಅರ್ಧವನ್ನಷ್ಟೇ ಅಳೆದು, ಕಂಪ್ಯೂಟರಿನಲ್ಲಿ ಅದನ್ನೇ ಮಗುಚಿ ಹಾಕಿ, ದುರಸ್ತಿಯ ನಕ್ಷೆ ಮುಗಿಸಿದಳು. ಕಾಗದದ ಆಚೆ ಅರ್ಧದಲ್ಲಿ ನಿಜವಾದ ಗೋಡೆಗಳಿವೆ ಎಂಬುದೇ ಅವಳ ತಲೆಯಲ್ಲಿ ಇರಲಿಲ್ಲ!

ಮೇಲಿನವರು ಕಳ್ಳತನ ಹಿಡಿದರು. ಪಡುವಣ ಅರ್ಧವನ್ನು ಇವತ್ತು ಅಳೆದು ಮುಗಿಸಲೇಬೇಕು. ನಾಳೆಯಂತೂ ಜಗಳೂರಿನಿಂದ ಗಂಡಿನ ಕಡೆಯವರು ಬರುತ್ತಾರೆ. ಇವಳು ಹೂಂ ಅಂದರೆ ಮುಗಿಯಿತು. ಕೊಟ್ರೇಶನೇ ಕೈಕೊಟ್ಟ ಮೇಲೆ ಯಾರಾದರೇನು, ಎಂದು ಅವಳೂ ಮನಸ್ಸು ಕಲ್ಲು ಮಾಡಿಕೊಂಡಿದ್ದಳು.

“ಹಸಿರು ಗಾಜಿನ ಕೋಣೆಗೆ ಬರ್ರಿ, ಒಂದು ಮಾತು ಐತೆ ಅಂದೋರು ನೀವು,” ಎಂದಳು ಪ್ರಮೀಳಾ. “ಮಧ್ಯಾಹ್ನ ಎರಡು ಗಂಟೆಯಿಂದ ಕಾದೆ. ನೀವು ಬರಲಿಲ್ಲ.”

“ನಾನು ಬರಲಿಲ್ವಾ? ಇದೇ ಕೋಣೆಯಾಗೆ ಇದ್ದೆ ಕಣ್ರಿ. ಬರದೇ ಇದ್ದೋರು ನೀವು.”

“ಇಲ್ಲಿ ನಾನೊಬ್ಬಳೇ ಇದ್ದೆ. ಗೋಡೆ ಆಚೆ ಯಾರೋ ನಡೀತಿದ್ರು. ಅತ್ತ, ಇತ್ತ... ಅತ್ತ, ಇತ್ತ... ಕೆಲಸದೋರು ಅಂತ ಸುಮ್ಮನಿದ್ದೆ. ಕತ್ತಲಾದ್ರೂ ನಿಲ್ಲಲಿಲ್ಲ. ಜೀವ ಕೈಯಾಗೆ ಹಿಡ್ಕೊಂಡು ಓಡಿದೆ.”

ಕೊಟ್ರೇಶ್ ಕರಣೆಯನ್ನು ಕೆಳಗಿಟ್ಟ.

“ಆ ಕಿಟಕಿಯಿಂದ ಏನು ಕಾಣ್ತಿತ್ತು?”

“ಬಂಡೆ. ಗುಡ್ಡದ ತಲೆ.”

“ಇಲ್ಲಿ ಬಂದು ನೋಡ್ರಿ.”

ಬಂಡೆ ಇರಲಿಲ್ಲ. ಕೆಳಗೆ ದೂರದವರೆಗೂ ಮೆಕ್ಕೆಜೋಳದ ಹೊಲ. ಪ್ರಮೀಳಾಗೆ ಮೈ ಜುಮ್ಮೆಂದಿತು.

“ದೊರೆಗೆ ಹೊರದೇಶದ ಕಟ್ಟಡಗಳ ಹುಚ್ಚು,” ಎಂದ ಕೊಟ್ರೇಶ್. “ಮುಂದೆ ಸಾಲು ಕಂಬ, ಅದರ ಮೇಲೆ ತ್ರಿಕೋನದ ಗೋಡೆ. ಎಡಕ್ಕೆ ಏನೈತೋ ಬಲಕ್ಕೂ ಅದೇ ಇರಬೇಕು. ಇಬ್ಬರು ರಾಣಿಯರು, ಇಬ್ಬರಿಗೂ ಒಂದೇ ಥರದ ಕೋಣೆ. ನಡುವೆ ಒಂದೇ ಗೋಡೆ. ಈ ಬಾಗಿಲು ಬರೀ ನೋಡಾಕೆ, ಆಚೆಗೂ ಇಂಥದ್ದೇ ಒಂದೈತೆ.”

“ಆಮೇಲೆ?”

“ಒಂದು ಬೇಸಿಗೆ ದೊರೆ ಬರಲೇ ಇಲ್ಲ. ಇಬ್ಬರೂ ಕಾಯ್ತಾ ನಡೀತಿದ್ರಂತೆ. ಆಚೆ ಹೆಜ್ಜೆ ಕೇಳಿದಾಗೆಲ್ಲ, ದೊರೆ ಅವಳ ಹತ್ರ ಅದಾರೆ ಅಂತ ಈಕೆ. ಈಕೆ ಹತ್ರ ಅದಾರೆ ಅಂತ ಆಕೆ. ಹಂಗೇ ಕೊರಗಿ ಹೋದ್ರಂತೆ.”

“ಒಂದು ಸಲ ಕೂಗಿದ್ರೆ ಸಾಕಿತ್ತಲ್ರಿ, ಪಾಪ...”

ಅಂದವಳೇ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ತುಂಬಿತು. ಅವತ್ತು ತಾನಿದ್ದದ್ದು ಗೋಡೆಯಾಚೆಯ ಜೋಡಿ ಕೋಣೆಯಲ್ಲಿ. ಒಂದು ವರ್ಷ ಸುಮ್ಮಸುಮ್ಮನೆ ಅವನನ್ನು ಬೈದುಕೊಂಡಿದ್ದಳು.

“ಹಂಗಾದ್ರೆ ಅವತ್ತು ನಡೀತಿದ್ದೋರು ನೀವೇನಾ?”

“ಮತ್ತಿನ್ಯಾರು? ಹೆಂಗೆ ಕೇಳೋದು ಅಂತ ಒದ್ದಾಡ್ತಿದ್ದೆ. ನೀವು ಬರಲ್ಲ ಅಂತ ಗೊತ್ತಾದ ಮೇಲೆ ಹೊನ್ನಾಳಿ ಬಸ್ಸಿಗೆ ಅಂತ ಗುಡ್ಡ ಇಳಿದುಬಿಟ್ಟೆ. ಐದಕ್ಕೇ.”

“ಐದಕ್ಕಾ?”

“ಹೂಂ. ರಾತ್ರಿ ಊರು ಸೇರಿ ಫೋನ್ ಮಾಡಿದೆ. ಬ್ಲಾಕ್ ಆಗಿತ್ತು... ಯಾಕ್ರಿ?”

“ನಾನು ಏಳರ ತನಕ ಇದ್ದೆ,” ಎಂದಳು ಪ್ರಮೀಳಾ ಮೆಲ್ಲಗೆ. “ಹೆಜ್ಜೆ ನಿಂತೇ ಇರಲಿಲ್ಲ.”

ಇಬ್ಬರೂ ಆ ಬಾಗಿಲ ಕಡೆ ನೋಡಲಿಲ್ಲ. ಕೋಣೆ ಒಮ್ಮೆಲೇ ತಣ್ಣಗಾದಂತೆ ಅನಿಸಿತು. ಕೊಟ್ರೇಶ್ ಅವಳ ಕೈ ಹಿಡಿದ. ಕೇಳದೆಯೇ ಹಿಡಿದ, ಅವಳೂ ಬಿಡಿಸಿಕೊಳ್ಳಲಿಲ್ಲ. ದಡದಡನೆ ಮೆಟ್ಟಿಲಿಳಿದು ಕಂಬಗಳ ಪಡಸಾಲೆಗೆ ಬಂದರು.

“ಸಾಮಾನೆಲ್ಲ ಮೇಲೇ ಬಿಟ್ರಲ್ಲ,” ಎಂದಳು ಏದುಸಿರಲ್ಲಿ.

“ಇರಲಿ ಬಿಡ್ರಿ. ನಾಳೆ ಜುಂಜಪ್ಪನ ಕರ್ಕೊಂಡು ಹೋಗ್ತೀನಿ.”

ಆ ಹೆದರಿಕೆಯಲ್ಲೂ ಅವಳಿಗೆ ನಗು ಬಂತು. ಮೇಲಿನ ಕೋಣೆಗಳಲ್ಲಿ ಸಿಗದ ಸಿಗ್ನಲ್ ಅಲ್ಲಿ ಇತ್ತು. ಮತ್ತೆ ಯೋಚಿಸಿದರೆ ಧೈರ್ಯ ಹೋದೀತೆಂದು ಆಗಲೇ ಫೋನ್ ಹಚ್ಚಿದಳು.

“ಅವ್ವಾ, ಜಗಳೂರಿನೋರಿಗೆ ಬರೋದು ಬೇಡ ಅಂದುಬಿಡು.”

“ಹುಚ್ಚು ಹಿಡೀತೇನೇ? ಯಾರೇ ಅವನು?”

“ನನ್ನ ಕಾಯಿಸಿದೋನು ಅಂದ್ಕೊಂಡಿದ್ದೆ ಅವ್ವಾ. ನನಗಾಗಿ ಕಾದೋನು.”

ಫೋನ್ ಇಟ್ಟಾಗ ಕೊಟ್ರೇಶನ ಕಣ್ಣು ಒದ್ದೆಯಾಗಿತ್ತು.

“ನಾನಿನ್ನೂ ಏನೂ ಕೇಳೇ ಇಲ್ಲಲ್ರಿ.”

“ಕೇಳ್ರಿ ಮತ್ತೆ.”

“ನಿಮ್ಮಷ್ಟು ಓದಿಲ್ಲ ನಾನು. ಕೈ ನೋಡ್ರಿ, ಸುಣ್ಣ ತಿಂದು ಬಿರುಕು ಬಿಟ್ಟೈತೆ. ಆದ್ರೂ... ನನ್ನ ಮದುವೆ ಆಗ್ತೀರಾ?”

“ಹೂಂ.”

“ಇನ್ನೊಂದು ಸಲ ಹೇಳ್ರಿ.”

“ಹೂಂ ಕಣ್ರಿ, ಹೂಂ.”