ಹುಳದ ಮನೆಯ ಹೊರಗೆ

"ಆಚೆ ನಡೀರಿ! ಮೊದಲು ಆಚೆ ನಡೀರಿ!"

ಅಂಬರೀಶ್ ರಂಜನಿಗೆ ಹೇಳಿದ ಮೊದಲ ಮಾತು ಇದು. ಕರೆಂಟ್ ಒಲೆಯ ಡಬ್ಬ ಹಿಡಿದು, ಕಂಪನಿಯವರು ಕಲಿಸಿದ ನಗು ಮುಖಕ್ಕೆ ಹಚ್ಚಿಕೊಂಡು ಅವಳು ಹೊಸ್ತಿಲು ದಾಟಿದ್ದಳು ಅಷ್ಟೆ. ಅವನು ಹಿಪ್ಪುನೇರಳೆ ಸೊಪ್ಪಿನ ಕಂತೆ ಕೆಳಗೆ ಹಾಕಿ, ಎರಡೂ ಕೈ ಚಾಚಿ, ಕರು ಅಟ್ಟುವ ಹಾಗೆ ಅವಳನ್ನು ಅಂಗಳಕ್ಕೆ ಅಟ್ಟಿದ.

"ರೀ, ಮಾತಾಡೋ ರೀತಿನಾ ಇದು? ಒಲೆ ಬೇಡ ಅಂದ್ರೆ ಬೇಡ ಅನ್ನಿ."

"ಒಲೆ ವಿಷಯ ಆಮೇಲೆ. ಸೆಂಟ್ ಹಾಕ್ಕೊಂಡು ಬಂದಿದ್ದೀರಲ್ಲ?"

"ಹಾಕ್ಕೊಂಡ್ರೆ ನಿಮಗೇನು ಕಷ್ಟ?"

"ನನಗಲ್ಲ, ಹುಳಕ್ಕೆ. ಒಳಗಿರೋದು ರೇಷ್ಮೆ ಹುಳ. ಈಗ ತಾನೇ ಜ್ವರ ಬಿಟ್ಟು ಎದ್ದಿವೆ. ಈ ವಾಸನೆಗೆ ಸೊಪ್ಪು ಮುಟ್ಟಲ್ಲ."

"ಹುಳಕ್ಕೂ ಜ್ವರ ಬರುತ್ತಾ?"

"ಬರುತ್ತೆ. ಮಾತ್ರೆ ಬೇಕಾಗಲ್ಲ. ಪೊರೆ ಬಿಟ್ಟು ತಾವೇ ಏಳ್ತವೆ."

ಅಂಗಳದ ಮೂಲೆಯಲ್ಲಿ ಯಾರೋ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ತಗಡಿನ ಮರೆಯಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಅವನ ತಾಯಿ ಗಂಗುಲಮ್ಮ ಕೂತಿದ್ದಳು. ರೇಷ್ಮೆ ಹುಳಕ್ಕೆ ಹೊಗೆಯೂ ಆಗದು. ಅಪ್ಪ ಬದುಕಿದ್ದಾಗಲೇ ಸೌದೆ ಒಲೆ ಮನೆಯಿಂದ ಹೊರಗೆ ಬಂದಿತ್ತು. ಗ್ಯಾಸ್ ಇತ್ತು, ಆದರೆ ಅದು ಟೀ ಕಾಯಿಸಲು ಮತ್ತು ನೆಂಟರು ಬಂದಾಗ.

ರಂಜನಿ ಹೊಗೆಗೆ ಕೆಂಪಾದ ಅವಳ ಕಣ್ಣುಗಳನ್ನು ನೋಡಿದಳು. ಆಮೇಲೆ ತಂಪಾಗಿ, ಚೊಕ್ಕವಾಗಿದ್ದ ಹುಳದ ಮನೆ ನೋಡಿದಳು.

"ಅಂದ್ರೆ ಹುಳ ಒಳಗೆ, ಅಮ್ಮ ಹೊರಗೆ."

ಅಂಬರೀಶ್ ಸೊಪ್ಪು ಎತ್ತಿಕೊಂಡು ಒಳಗೆ ಹೋದ. ಸಂಜೆಯವರೆಗೂ ಆ ಮಾತು ಹಲ್ಲಿನ ಸಂದಿಯ ನಾರಿನ ಹಾಗೆ ಕಾಡಿತು.

ಮುಂದಿನ ವಾರ ಅವಳು ಮತ್ತೆ ಬಂದಳು. ಬಾಗಿಲಲ್ಲೇ ನಿಂತು ಕೈ ಮುಂದೆ ಚಾಚಿದಳು.

"ಮೂಸಿ ನೋಡಿ. ಸೋಪು ಕೂಡ ವಾಸನೆ ಇಲ್ಲದ್ದು."

"ನಾನೇನು ಪೊಲೀಸ್ ನಾಯಿನಾ?"

"ಹೋದ ವಾರ ಹಾಗೇ ಬೊಗಳಿದ್ರಿ."

ಅವನು ನಗಬಾರದು ಅಂದುಕೊಂಡಿದ್ದ. ನಕ್ಕ.

ಒಲೆ ಕೆಲಸ ಮಾಡಿತು, ಅನ್ನ ಆಯಿತು, ಸಾರು ಕುದಿಯಿತು. ತಕರಾರು ಬಂದದ್ದು ಮುದ್ದೆಯಲ್ಲಿ. ಗಂಗುಲಮ್ಮ ಎಸರಿಗೆ ರಾಗಿ ಹಿಟ್ಟು ಸುರಿದು ಕೋಲು ಹಾಕಿ ತಿರುವಿದ್ದೇ ತಡ, ನುಣುಪು ಗಾಜಿನ ಮೇಲೆ ತಪ್ಪಲೆಯೂ ಕೋಲಿನ ಜೊತೆ ತಿರುಗಿತು. ಇನ್ನೊಂದು ಸುತ್ತಿಗೆ ಜಾರಿ ರಂಜನಿಯ ಕಾಲ ಬಳಿ ಬಿತ್ತು.

"ಏಮಮ್ಮಾ, ನಿನ್ನ ಒಲೆ ಡ್ಯಾನ್ಸ್ ಮಾಡ್ತದೆ!" ಗಡಿ ಊರಿನ ಗಂಗುಲಮ್ಮನ ಕನ್ನಡದಲ್ಲಿ ತೆಲುಗು ನುಸುಳುತ್ತಲೇ ಇರುತ್ತಿತ್ತು.

ರಂಜನಿ ನಗಲಿಲ್ಲ. ಪಕ್ಕದ ಊರು ಸಾದಲಿಯಲ್ಲೂ ಇದೇ ಆಗಿತ್ತು, ಹೋದ ಕಡೆಯಲ್ಲೆಲ್ಲ ಇದೇ. ನೆಲ ಒರೆಸುತ್ತಾ ವಿಷಯ ಹೇಳಿದಳು. ಈ ಒಲೆ ನಿಜಕ್ಕೂ ಹೋಗಬೇಕಾದದ್ದು ಆಫ್ರಿಕಾಕ್ಕೆ, ಕೀನ್ಯಾ ದೇಶಕ್ಕೆ. ಅಲ್ಲಿ ಮನೆಮನೆಯಲ್ಲೂ ಸೌದೆ, ಇದ್ದಿಲು. ಬ್ಯಾಂಕೊಂದು ಒಲೆಗೆ ಸಾಲ ಕೊಡುತ್ತದೆ, ಜನ ಅಡಿಗೆ ಮಾಡುತ್ತಾ ಸ್ವಲ್ಪಸ್ವಲ್ಪ ತೀರಿಸುತ್ತಾರೆ. ತಪ್ಪಿದ ಹೊಗೆಗೂ ದೊಡ್ಡ ಕಂಪನಿಗಳು ಬೆಲೆ ಕೊಡುತ್ತವೆ. ಆದರೆ ಅವರು ತಿನ್ನುವುದು ಮುಸುಕಿನ ಜೋಳದ ಹಿಟ್ಟಿನ ಉಗಾಲಿ, ಹೀಗೇ ಕೋಲು ಹಾಕಿ ತಿರುವುವುದು. ಮುದ್ದೆ ತಿರುವುವ ಊರಿನಲ್ಲಿ ಒಲೆ ಪಾಸಾಗದೆ ಬ್ಯಾಂಕು ದುಡ್ಡು ಬಿಡುವುದಿಲ್ಲ.

"ಬರದೇ ಇರೋ ಹೊಗೆನ ಯಾರಮ್ಮ ಕೊಂಡ್ಕೋತಾರೆ?" ಅಂದಳು ಗಂಗುಲಮ್ಮ.

"ವಿಮಾನದಲ್ಲಿ ಓಡಾಡೋರು, ಅಮ್ಮ. ಅವರು ಅಲ್ಲಿ ಹೊಗೆ ಬಿಡ್ತಾರೆ, ನೀವು ಇಲ್ಲಿ ಬಿಡಲ್ಲ. ಲೆಕ್ಕ ಸರಿ."

"ಬಲೇ ವ್ಯಾಪಾರ."

ಮದ್ದು ಸಿಕ್ಕಿದ್ದು ಸೊಪ್ಪಿನ ಸಾರಿನ ದಿನ. ಗಂಗುಲಮ್ಮ ಈಳಿಗೆ ಮಣೆಯ ಮೇಲೆ ಕಾಲೂರಿ ದಂಟು ಹೆಚ್ಚುತ್ತಿದ್ದಳು. ರಂಜನಿ ಅದನ್ನೇ ನೋಡುತ್ತಾ, "ಮಣೆ ಯಾಕೆ ಜಾರಲ್ಲ?" ಅಂದಳು. "ನನ್ನ ಭಾರ ಅದರ ಮೇಲಿದೆಯಲ್ಲ" ಅಂದಳು ಗಂಗುಲಮ್ಮ. ಅಂಬರೀಶ್ ಮತ್ತು ರಂಜನಿ ಒಟ್ಟಿಗೇ ತಲೆ ಎತ್ತಿದರು. ಮೂವರ ಕಣ್ಣೂ ಒಲೆಯ ಮೇಲೆ ಹೋಯಿತು.

ಒಂದು ಹಲಗೆ, ಅದರ ಮೇಲೆ ಒಲೆ, ತಪ್ಪಲೆಯ ಕುತ್ತಿಗೆ ಹಿಡಿಯಲು ಕಬ್ಬಿಣದ ಬಳೆ, ಕಾಲೂರಲು ಜಾಗ. ಶಿಡ್ಲಘಟ್ಟದ ವೆಲ್ಡಿಂಗ್ ಅಂಗಡಿಗೆ ಇಬ್ಬರೂ ಅವನ ಬೈಕಿನಲ್ಲಿ ಹೋದರು. ಮೊದಲ ಬಳೆ ಸಡಿಲ, ಎರಡನೆಯದು ಬಿಗಿ. ಪ್ರತಿ ಸಲವೂ ಮತ್ತೆ ಹೋಗಬೇಕಾಯಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

"ಗುಂಡಿ ಬಂದ್ರೆ ಹೇಳ್ಬಾರ್ದಾ?"

"ಹೇಳಿದ್ರೆ ನೀವು ಗಟ್ಟಿಯಾಗಿ ಹಿಡ್ಕೋತೀರ."

"ಹೇಳದೇ ಇದ್ರೂ ಹಿಡ್ಕೊಂಡಿದ್ದೀನಲ್ಲ."

ಬೈಕಿನ ಕನ್ನಡಿಯಲ್ಲಿ ಅವಳ ಅರ್ಧ ಮುಖ ಕಂಡಿತು. ಗಾಳಿಗೆ ಕೂದಲು ಬಾಯಿಗೆ ಬಂದಿತ್ತು, ಅವಳು ತೆಗೆಯದೆ ನಗುತ್ತಿದ್ದಳು. ಅವಳ ಮೈಯಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ. ಚಿಂತಾಮಣಿಯ ತನ್ನ ಮನೆಯಲ್ಲಿ ಸೆಂಟ್ ಇಲ್ಲದೆ ಗೇಟು ದಾಟದವಳು ಅವನೂರು ದಿಬ್ಬೂರಹಳ್ಳಿಗೆ ಬರುವಾಗ ಮಾತ್ರ ಹೀಗೆ ಬರುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ಅದನ್ನು ಹೊಗಳಲು ಅವನಿಗೆ ಮಾತು ಬರಲಿಲ್ಲ, ಅಷ್ಟೆ.

ಮೂರನೆಯ ಬಳೆ ಸರಿಯಾಗಿ ಕೂತಿತು. ಗಂಗುಲಮ್ಮ ಹಲಗೆಯ ಮೇಲೆ ಕಾಲೂರಿ ಗರಗರ ತಿರುವಿದಳು, ತಪ್ಪಲೆ ಅಲುಗಲಿಲ್ಲ. ಅವಳು ಮನೆಯೊಳಗೆ ಕೂತು ಮುದ್ದೆ ಮಾಡಿ ಮುಗಿಸುವುದನ್ನು ಅಂಬರೀಶ್ ಬುದ್ಧಿ ಬಂದ ಮೇಲೆ ಮೊದಲ ಸಲ ನೋಡಿದ. ಪಕ್ಕದ ಕೋಣೆಯಲ್ಲಿ ಹುಳ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು.

"ಪಾಸಾಯ್ತು" ಅಂದ ಅವನು.

ರಂಜನಿ ತಲೆಯಾಡಿಸಿದಳು. ಮುಖದಲ್ಲಿ ಸಂತೋಷ ಇರಲಿಲ್ಲ.

"ಪಾಸಾದ್ರೆ ಇಲ್ಲಿನ ಟ್ರಯಲ್ ಮುಗೀತು, ಅಂಬರೀಶ್. ನನ್ನನ್ನ ಕೀನ್ಯಾದ ಕಿಸುಮುಗೆ ಕಳಿಸ್ತಾರೆ. ಅಲ್ಲಿನ ಹೆಂಗಸರಿಗೆ ಕಲಿಸೋಕೆ. ವರ್ಷಗಟ್ಟಲೆ ಕೆಲಸ."

"ಪಾಸಾಗದೇ ಇದ್ರೆ?"

"ಇನ್ನೂ ಒಂದು ವರ್ಷ ಇಲ್ಲೇ ಟ್ರಯಲ್ಲು."

ಕಿಸುಮುವಿನಿಂದ ಒಚಿಯೆಂಗ್ ಎಂಬ ಅಧಿಕಾರಿ ಪರೀಕ್ಷೆಗೆ ಬಂದ. ಎತ್ತರದ ಆಳು. ಹುಳದ ಮನೆಗೆ ಬರುವ ಮುಂಚೆ ಕೈ ತೊಳೆಯಿರಿ ಅಂದದ್ದಕ್ಕೆ ಮುಖವನ್ನೂ ತೊಳೆದುಕೊಂಡ. ಗಂಗುಲಮ್ಮ ಮುದ್ದೆ ಬಡಿಸಿ, "ಅಗೀಬೇಡಪ್ಪ, ನುಂಗು" ಅಂದಳು. ರಂಜನಿ ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಅವನು ನುಂಗಿಯಾಗಿತ್ತು. ನಕ್ಕು, ತನ್ನ ತಾಯಿಯೂ ಅಂಗಳದಲ್ಲೇ ಬೇಯಿಸುತ್ತಾಳೆ, ಅವಳ ಕೆಮ್ಮೂ ಹೀಗೇ ಇದೆ ಅಂದ. ಆಮೇಲೆ ಅಂಬರೀಶನ ಕಡೆ ತಿರುಗಿ ಕೇಳಿದ, ರಂಜನಿ ಕನ್ನಡಕ್ಕೆ ತಿರುಗಿಸಿದಳು. ಬ್ಯಾಂಕಿನವರು ಈ ಒಂದು ಮಾತಿಗೆ ಕಾಯುತ್ತಿದ್ದಾರೆ: ಈ ಹಲಗೆಯಿಂದ ಕೆಲಸ ಆಗುತ್ತದೋ ಇಲ್ಲವೋ?

ಅಂಬರೀಶ್ ರಂಜನಿಯನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಚೆನ್ನಾಗಿದೆ ಅಂತ ಹೇಳಿ" ಅಂದ.

ರಂಜನಿ ತಲೆ ಎತ್ತಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಬಳೆ ಇನ್ನೂ ಸಡಿಲ, ತಪ್ಪಲೆ ಆಗಾಗ ಜಾರುತ್ತದೆ, ಇನ್ನೊಂದು ವರ್ಷದ ಟ್ರಯಲ್ ಬೇಕು ಅಂತ ಇವರು ಹೇಳುತ್ತಿದ್ದಾರೆ ಅಂದಳು.

ಅಂಬರೀಶ್ ಚಿಕ್ಕಬಳ್ಳಾಪುರದಲ್ಲಿ ಬಿ.ಕಾಂ. ಓದಿದ್ದ. ಅದನ್ನು ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಅವಳಂದ ಒಂದೊಂದು ಮಾತೂ ಅವನಿಗೆ ತಿಳಿಯಿತು. ತನಗಾಗಿ ಒಬ್ಬಳು ಸುಳ್ಳು ಹೇಳಿದ್ದಳು. ಅವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಒಂದು ವರ್ಷ ಅವಳು ಬರುತ್ತಿದ್ದಳು, ವಾಸನೆ ಇಲ್ಲದ ಕೈ ಚಾಚುತ್ತಾ.

ಒಳಗಿನಿಂದ ಗಂಗುಲಮ್ಮ ಕೆಮ್ಮಿದಳು.

"ನೋ ಸರ್," ಅಂದ ಅಂಬರೀಶ್. "ಇಟ್ ಈಸ್ ಗುಡ್. ಪಾಟ್ ವಿಲ್ ನಾಟ್ ಮೂವ್."

ಒಚಿಯೆಂಗ್ ಇಬ್ಬರನ್ನೂ ನೋಡಿದ. ಅವನಿಗೆ ಅರ್ಥವಾಗಿರಬೇಕು. ಫೋನ್ ಮಾಡುವ ನೆಪ ಹೇಳಿ ಹೊರಗೆ ಹೋದ.

"ಇಂಗ್ಲಿಷ್ ಬರುತ್ತೆ ಅಂತ ಯಾಕೆ ಹೇಳಲಿಲ್ಲ?" ಅಂದಳು ರಂಜನಿ.

"ನೀವು ಕೇಳಲಿಲ್ಲ."

"ಅವರ ಮುಂದೆ ನನ್ನ ಮರ್ಯಾದೆ ತೆಗೆದ್ರಿ. ನಾನು ಇರೋದು ನಿಮಗೆ ಬೇಡ್ವಾ?"

"ಬೇಕು. ಬೇಕು ಅಂತ ಇಷ್ಟು ದಿನ ಹೇಳೋಕೆ ಬರಲಿಲ್ಲ, ಈಗ ಹೇಳ್ತಿದ್ದೀನಿ. ಹುಳಕ್ಕೋಸ್ಕರ ಅಮ್ಮನ್ನ ಹೊಗೆಗೆ ಕೂರಿಸಿದ್ದೆ, ರಂಜನಿ. ನೀವೇ ಮೊದಲನೇ ದಿನ ಹೇಳಿದ್ರಿ. ಈಗ ನನಗೋಸ್ಕರ ಅವನಮ್ಮನ್ನೂ ಕೂರಿಸ್ಲಾ?"

ಅವಳು ಅತ್ತಳು. ಸಿಟ್ಟಿನಲ್ಲೇ ಅತ್ತಳು, ಕಣ್ಣು ಒರೆಸಿಕೊಳ್ಳದೆ. ಅವನು ಒರೆಸಲಿಲ್ಲ. ಒರೆಸಿದರೆ ಹೋಗಬೇಡ ಅಂದುಬಿಡುತ್ತೇನೆ ಎಂದು ಗೊತ್ತಿತ್ತು.

"ನಾನು ವಾಪಸ್ ಬರೋ ತನಕ..." ಅಂದಳು.

"ಬಂದಾಗ ಬನ್ನಿ. ಇಂಥಾ ದಿನ ಅಂತ ಹೇಳಿ ಹೋಗಬೇಡಿ. ನಾನು ದಿನಾ ಬಾಗಿಲು ನೋಡ್ತೀನಿ."

ಹೊರಡುವ ದಿನ ಅವಳು ಬರುತ್ತಿರುವುದು ಅವನಿಗೆ ಗೇಟಿನ ಹತ್ತಿರವೇ ತಿಳಿಯಿತು. ಗಾಳಿಯಲ್ಲಿ ಸೆಂಟಿನ ವಾಸನೆ ಬಂತು, ಮೊದಲ ದಿನದ್ದೇ. ಬೆಳಿಗ್ಗೆಯಷ್ಟೇ ಹೊಸ ಮರಿಹುಳ ತಂದಿದ್ದರು. ಅದು ಅವಳಿಗೂ ಗೊತ್ತಿತ್ತು.

"ಒಳಗೆ ಬರಲ್ಲ" ಅಂದಳು. "ಬಂದ್ರೆ ಹೋಗೋಕಾಗಲ್ಲ ಅಂತ ಹಾಕ್ಕೊಂಡೇ ಬಂದೆ."

ಗಂಗುಲಮ್ಮ ಒಳಗಿನ ಒಲೆಯಿಂದ ಮುದ್ದೆ ತಂದು, ಅಂಗಳದ ಆರಿದ ಒಲೆಕಲ್ಲಿನ ಮೇಲೆ ಅವಳನ್ನು ಕೂರಿಸಿ ಉಣ್ಣಿಸಿದಳು. ಎದ್ದು ಹೋಗುವಾಗ ರಂಜನಿ ಅಂಬರೀಶನ ಬಲಗೈ ಹಿಡಿದು, ಅಂಗೈಯನ್ನು ತನ್ನ ಕುತ್ತಿಗೆಗೆ ಒತ್ತಿಕೊಂಡಳು. ಆಮೇಲೆ ಬಿಟ್ಟಳು. ಬಸ್ಸು ಬಂತು, ಹೋಯಿತು.

ಸೊಪ್ಪು ಹಾಕುವ ಹೊತ್ತಾಗಿತ್ತು. ಅಂಬರೀಶ್ ನಲ್ಲಿಯ ಹತ್ತಿರ ಹೋದ. ಸೋಪು ಎತ್ತಿಕೊಂಡ, ಮತ್ತೆ ಇಟ್ಟ. ಸೆಂಟ್ ಹತ್ತಿದ್ದ ಆ ಕೈ ತೊಳೆಯದೆ ಹುಳದ ಮನೆಗೆ ಹೋಗುವಂತಿರಲಿಲ್ಲ.

ಗಂಗುಲಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಬಂದು ಅವನ ಪಕ್ಕದಿಂದ ಸೊಪ್ಪಿನ ಬುಟ್ಟಿ ಎತ್ತಿಕೊಂಡಳು.

"ಪೋನೀಲೇರಾ, ಹೋಗ್ಲಿ ಬಿಡು. ನಾನು ಹಾಕ್ತೀನಿ. ಇವತ್ತೊಂದು ದಿನ ನೀನು ಹೊರಗೇ ಇರು ಕಣೋ."

ಅವಳು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಅವನು ಆರಿದ ಒಲೆಕಲ್ಲಿನ ಮೇಲೆ ಕೂತ, ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು.