ಸುಪ್ರಜಾಳ ಧಾರೆ ಸೀರೆ

ಹಸೆಮಣೆಯ ಮೇಲೆ ಕೂತ ಮಗಳ ಸೀರೆ ಧಾರೆಯ ಹೊತ್ತಿಗೆ ಪರ್ರನೆ ಹರಿಯಿತು ಎಂದು ಹೇಳಿಕೊಳ್ಳಲು ಕೋಮಲಮ್ಮ ಬಂದದ್ದು ೧೯೯೬ರ ಜೂನಿನಲ್ಲಿ, ಬಸವನಗುಡಿಯಲ್ಲಿದ್ದ ಆತ್ರೇಯನ ಮನೆಗೆ. ಆತ್ರೇಯ ಮೂವತ್ತು ವರ್ಷ ರೇಷ್ಮೆ ಪರೀಕ್ಷಕನಾಗಿ ನಿವೃತ್ತನಾದವನು. ಬಡಾವಣೆಯಲ್ಲಿ ಏನು ಕಳುವಾದರೂ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾನು ಅವನ ಕೆಳಮನೆಯವನು, ಹಳೆಯ ಗೆಳೆಯ.

"ಹದಿನೆಂಟು ಸಾವಿರದ ಸೀರೆ. ಅಕ್ಕನ ಧಾರೆ ಸೀರೆ ಥರದ್ದೇ ಬೇಕು ಅಂತ ಸುಪ್ರಜಾ ಹಟ ಹಿಡಿದ್ಲು, ಹುಡುಕಿ ತಂದ್ವಿ. ಯಾರೋ ವಾಪಸ್ ಕೊಟ್ಟಿದ್ದನ್ನ ಆ ಮುರುಗೇಶ ನಮ್ಮ ತಲೆಗೆ ಕಟ್ಟಿದಾನೆ. ಕನ್ಸ್ಯೂಮರ್ ಕೋರ್ಟಿಗೆ ಹೋಗ್ತೀನಿ, ಸೀರೆ ಹಳೇದು ಅಂತ ನೀವು ಬರ್ಕೊಡಿ," ಎಂದರು ಕೋಮಲಮ್ಮ. ಮುರುಗೇಶ ಸೀರೆ ಅಂಗಡಿಯ ಮಾರಾಟಗಾರ; ಅವರ ದೂರು ಕೇಳಿ ಮಾಲೀಕ ಅವನನ್ನು ಆಗಲೇ ಕೆಲಸದಿಂದ ತೆಗೆದಿದ್ದ.

ಆತ್ರೇಯ ಸೀರೆಯನ್ನು ಕಿಟಕಿಯ ಬೆಳಕಿಗೆ ಹರಡಿದ. ಬಟ್ಟೆ ಸೀಳಿದ್ದು ಮಡಿಕೆಗಳಲ್ಲಿ ಮಾತ್ರ. ಅಂಚಿನ ಉದ್ದಕ್ಕೂ ಬೆರಳಾಡಿಸಿ ಕೇಳಿದ: "ಅಂಗಡಿಯಿಂದ ಬಂದಮೇಲೆ ಯಾರ ಕೈಗೆ ಹೋಗಿತ್ತು?"

"ಫಾಲ್ಸ್ ಹಾಕಿಸೋಕೆ ಗೋದಾ ವಿಶ್ವೇಶ್ವರಪುರದ ಅಕ್ಕಯಮ್ಮನ ಹತ್ರ ತಗೊಂಡು ಹೋಗಿದ್ಲು. ಅಷ್ಟೇ."

ಗೋದಾ ಹಿರಿಯ ಮಗಳು. ಮದುವೆಯಾದ ಎಂಟೇ ತಿಂಗಳಿಗೆ ಗಂಡನನ್ನು ಕಳೆದುಕೊಂಡು, ಒಂಬತ್ತು ವರ್ಷದಿಂದ ತವರಿನಲ್ಲಿದ್ದಳು.

ಸಂಜೆ ಅಕ್ಕಯಮ್ಮನನ್ನು ಕಂಡೆವು. "ಹೊಸಾ ಸೀರೆ ಅಂದ್ರು ಸಾಮಿ. ನುಸಿಗುಳಿಗೆ ವಾಸನೆ ಹೊಡೀತಿತ್ತು. ನಮಗ್ಯಾಕೆ ಅಂತ ಸುಮ್ನಾದೆ," ಎಂದಳು.

ಭಾನುವಾರ ಕೋಮಲಮ್ಮನ ನಡುಮನೆಯಲ್ಲಿ ತಾಯಿ, ಇಬ್ಬರು ಹೆಣ್ಣುಮಕ್ಕಳು, ಆತ್ರೇಯ ಹೇಳಿಕಳಿಸಿದ್ದ ಮುರುಗೇಶ ಸೇರಿದ್ದರು.

"ಅಂಚಿನಲ್ಲಿ ಸೂಜಿಯ ತೂತು ಎರಡು ಸಾಲು ಇದೆ," ಎಂದ ಆತ್ರೇಯ. "ಹಳೇ ಫಾಲ್ಸ್ ಬಿಚ್ಚಿ ಹೊಸದು ಹಾಕ್ಸಿದಾರೆ. ವರ್ಷಗಟ್ಟಲೆ ಒಂದೇ ಮಡಿಕೇಲಿಟ್ಟರೆ ರೇಷ್ಮೆ ಅಲ್ಲೇ ಸೀಳುತ್ತೆ. ಅಂಗಡಿಯವರ ಮಡಿಕೆ ಅಗಲ. ಇದು ಚಿಕ್ಕ ಟ್ರಂಕಿಗೆ ಹಿಡಿಸೋ ಹಾಗೆ ಮಡಿಸಿದ್ದು. ಅಕ್ಕಯಮ್ಮನ ಕೈ ಸೇರೋ ಮೊದಲೇ ನುಸಿಗುಳಿಗೆ ವಾಸನೆ ಇತ್ತು. ಹಾಗಾದ್ರೆ ಸೀರೆ ಬದಲಾಗಿದ್ದು ಈ ಮನೇಲಿ. ಅದೇ ಥರದ ಇನ್ನೊಂದು ಸೀರೆ ಇದ್ದಿದ್ದು ಒಬ್ಬರ ಹತ್ರ."

ಗೋದಾ ತಲೆ ಎತ್ತಿದಳು. "ಮುಹೂರ್ತದ ಹೊತ್ತಿಗೆ ಅಡುಗೆಮನೇಲೇ ಇರು, ಎದುರಿಗೆ ಬರಬೇಡ ಅಂದೆಯಲ್ಲಮ್ಮ. ನನ್ನ ಸೀರೆಯಾದ್ರೂ ತಂಗಿ ಧಾರೆಗೆ ಕೂತ್ಕೊಳ್ಳಲಿ ಅನ್ನಿಸ್ತು. ಹರಿಯುತ್ತೆ ಅಂತ ಗೊತ್ತಿರಲಿಲ್ಲ."

"ನನಗೆ ಹೇಳಿದ್ರೆ ನಾನೇ ಉಡ್ತಿದ್ದೆ, ಅಕ್ಕ," ಎಂದಳು ಸುಪ್ರಜಾ.

"ಅಮ್ಮ ಬಿಡ್ತಿದ್ಲಾ?"

ಕೋಮಲಮ್ಮ ಗೋದಾಳ ಮುಖ ನೋಡಲಿಲ್ಲ. "ಹೊಸ ಸೀರೆ ಎಲ್ಲಿ?" ಎಂದರು. ಗೋದಾ ಅದನ್ನು ತಂದಿಟ್ಟಳು. ಡಬ್ಬಿಯನ್ನು ತೆರೆದೇ ಇರಲಿಲ್ಲ.

ಮುರುಗೇಶ ಎದ್ದ. "ನಾಲ್ಕು ಜನದ ಎದುರಿಗೆ ನನ್ನನ್ನ ಮೋಸಗಾರ ಅಂದ್ರಿ, ಅಮ್ಮಾವ್ರೇ. ಅಂಗಡಿಗೆ ಬಂದು ಹಾಗೇ ನಾಲ್ಕು ಜನದ ಎದುರಿಗೆ ಅಲ್ಲ ಅನ್ನಿ."

"ಮನೆ ವಿಷಯ ಬೀದಿಗೆ ಬಂದ್ರೆ ಬೀಗರು ಏನಂತಾರಪ್ಪ? ಕಾಗದ ಬರೆದು ಕೊಡ್ತೀನಿ."

ಮುರುಗೇಶ ಬಾಗಿಲ ಕಡೆ ನಡೆದ. "ನಾನು ಬರ್ತೀನಿ. ತಪ್ಪು ನಂದು. ಇವರ ಕೆಲಸ ಹೋದಮೇಲೂ ಬಾಯಿ ಬಿಡಲಿಲ್ಲ," ಎಂದು ಗೋದಾ ಚಪ್ಪಲಿ ಮೆಟ್ಟಿದಳು. ಆತ್ರೇಯನೂ ನಾನೂ ಜೊತೆಗೆ ನಡೆದೆವು.

ಅಂಗಡಿಯ ತುಂಬ ಗಿರಾಕಿಗಳಿದ್ದರು. ಗೋದಾ ಅವರೆಲ್ಲರ ಎದುರಿಗೆ, ಏನನ್ನೂ ಮುಚ್ಚಿಡದೆ, ನಡೆದದ್ದನ್ನು ಹೇಳಿದಳು. ಮಾಲೀಕ ಪೂರ್ತಿ ಕೇಳಿಸಿಕೊಂಡ. ಆಮೇಲೆ, ಮುರುಗೇಶನ ಜಾಗಕ್ಕೆ ತನ್ನ ಭಾವಮೈದುನನನ್ನು ಕೂರಿಸಿದ್ದಾಗಿದೆ ಎಂದು ಹೇಳಿ, ಮುಂದಿನ ಗಿರಾಕಿಯ ಕಡೆ ತಿರುಗಿದ.